ಹೇಸ್ಟ್ ಮಂತ್ರಕ್ಕೆ ಸ್ಲೋ ಮಂತ್ರ ಎದುರಾದರೆ ಗೆಲ್ಲುವುದು ಯಾವುದು? ಆನ್‌ಲೈನ್ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟಗಾರರನ್ನು ಕಾಡುವ ಲೆಕ್ಕಾಚಾರ ಇಲ್ಲಿದೆ

ಟಿವಿಯಲ್ಲಿ ರಾಮಾಯಣ, ಮಹಾಭಾರತ ನೋಡಿ ಬೆಳೆದವರಿಗೆ ಈ ದೃಶ್ಯ ಚೆನ್ನಾಗಿ ಗೊತ್ತು. ಒಬ್ಬ ಆಗ್ನೇಯಾಸ್ತ್ರ ಬಿಡುತ್ತಾನೆ, ಎದುರಿನವನು ವಾರುಣಾಸ್ತ್ರ ಬಿಡುತ್ತಾನೆ. ಆಕಾಶದಲ್ಲಿ ಎರಡೂ ಡಿಕ್ಕಿ ಹೊಡೆದು ಬೆಂಕಿ ಆರಿಹೋಗುತ್ತದೆ. ಯಾರೂ ಪ್ರಶ್ನೆ ಕೇಳುವುದಿಲ್ಲ, ಕಥೆ ಮುಂದಕ್ಕೆ ಹೋಗುತ್ತದೆ. ಆದರೆ ಇದೇ ಸನ್ನಿವೇಶ ಒಂದು ಆಟದಲ್ಲಿ ಬಂದರೆ? ಅದೂ ಐದು ಊರುಗಳಲ್ಲಿ ಕೂತ ಐವರು ಲ್ಯಾಪ್‌ಟಾಪ್ ಪರದೆ ನೋಡುತ್ತಾ ಆಡುವ ಆಟದಲ್ಲಿ ಬಂದರೆ? ಆಗ ಪ್ರಶ್ನೆಗಳು ಶುರುವಾಗುತ್ತವೆ. ಕೆಲವೊಮ್ಮೆ ಜಗಳವೂ ಆಗುತ್ತದೆ.

ನಮ್ಮ ಗುಂಪಿನಲ್ಲೂ ಆಯಿತು. ಕಾಲೇಜು ಹಾಸ್ಟೆಲ್‌ನಲ್ಲಿ ಜೊತೆಗಿದ್ದ ಐವರು ಈಗ ಪುಣೆ, ಮುಂಬೈ, ಹೈದರಾಬಾದ್, ಚೆನ್ನೈ, ದೆಹಲಿ ಎಂದು ಚದುರಿಹೋಗಿದ್ದೇವೆ. ಶನಿವಾರ ರಾತ್ರಿ ಊಟ ಮುಗಿಸಿ ಆನ್‌ಲೈನ್‌ನಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುವುದು ನಮ್ಮ ರೂಢಿ. ವಾರದಲ್ಲಿ ನಾವು ಬಾಯ್ತುಂಬ ಕನ್ನಡ ಮಾತಾಡುವ ಮೂರು ಗಂಟೆ ಅದೊಂದೇ. ಒಂದು ಶನಿವಾರ, ಹೈದರಾಬಾದ್‌ನ ಗೆಳೆಯ ಒಂದೂವರೆ ವರ್ಷದಿಂದ ಆಡಿಸುತ್ತಿದ್ದ ಯೋಧನ ಪಾತ್ರ ಡ್ರ್ಯಾಗನ್ ಬೆಂಕಿಗೆ ಸಿಕ್ಕಿ ಸತ್ತಿತು. ಆ ಹೊತ್ತಿಗೆ ಅವನ ಮೇಲೆ ನಾನು ಹಾಕಿದ್ದ ಹೇಸ್ಟ್ ಅಂದರೆ ವೇಗದ ಮಂತ್ರವೂ ಇತ್ತು, ಶತ್ರು ಹಾಕಿದ್ದ ಸ್ಲೋ ಅಂದರೆ ನಿಧಾನದ ಮಂತ್ರವೂ ಇತ್ತು. ಆಟ ನಡೆಸುತ್ತಿದ್ದ ಚೆನ್ನೈ ಗೆಳೆಯ, 'ಒಂದಕ್ಕೊಂದು ಸರಿಹೋಯ್ತು, ಎರಡನ್ನೂ ತೆಗೀತೀನಿ' ಎಂದು ಪರದೆಯಿಂದ ಎರಡೂ ಗುರುತುಗಳನ್ನು ಅಳಿಸಿದ. ದಾಳ ಬಿತ್ತು, ಯೋಧ ಸತ್ತ. 'ಇದು ಮೋಸ ಕಣೋ' ಎಂದು ಹೈದರಾಬಾದ್‌ನವನು ಕಾಲ್ ಕಟ್ ಮಾಡಿದ.

ಅವನು ಹೇಳಿದ್ದು ಸರಿಯೇ? ವಿರುದ್ಧ ಪರಿಣಾಮದ ಎರಡು ಮಂತ್ರಗಳು ಒಬ್ಬನ ಮೇಲೇ ಬಿದ್ದರೆ ನಿಜಕ್ಕೂ ಏನಾಗಬೇಕು? ಕಂಪ್ಯೂಟರ್ ಅದನ್ನು ತಾನೇ ಲೆಕ್ಕ ಹಾಕುತ್ತದೆಯೇ? ಇಲ್ಲಿದೆ ವಿವರ.

ಏನಿದು ವರ್ಚುವಲ್ ಟೇಬಲ್‌ಟಾಪ್?

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್, ಚಿಕ್ಕದಾಗಿ ಡಿ ಆ್ಯಂಡ್ ಡಿ, 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಆಟ. ಒಬ್ಬರು ಡಂಜನ್ ಮಾಸ್ಟರ್ ಅಥವಾ ಡಿಎಂ ಆಗಿ ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆಡುತ್ತಾರೆ. ಕೆಲಸ ಕೈಗೂಡಿತೇ ಇಲ್ಲವೇ ಎಂಬುದನ್ನು 20 ಮುಖದ ದಾಳ ಹೇಳುತ್ತದೆ. 'ಸ್ಟ್ರೇಂಜರ್ ಥಿಂಗ್ಸ್' ಸರಣಿಯ ಹುಡುಗರು ಆಡುವುದು ಇದೇ ಆಟ. 2023ರಲ್ಲಿ ಬಂದ 'ಬಾಲ್ಡರ್ಸ್ ಗೇಟ್ 3' ವಿಡಿಯೋ ಗೇಮ್ ಕೂಡ ಇದರ ನಿಯಮಗಳ ಮೇಲೆಯೇ ನಿಂತಿದೆ.

ಮೊದಲು ಈ ಆಟಕ್ಕೆ ಎಲ್ಲರೂ ಒಂದು ಮೇಜಿನ ಸುತ್ತ ಕೂರಬೇಕಿತ್ತು. ಈಗ ಆ ಮೇಜನ್ನು ಪರದೆಗೆ ತಂದ ತಂತ್ರಾಂಶಗಳಿವೆ. ಅವುಗಳಿಗೆ ವರ್ಚುವಲ್ ಟೇಬಲ್‌ಟಾಪ್ ಎನ್ನುತ್ತಾರೆ. ಫ್ಯಾಂಟಸಿ ಗ್ರೌಂಡ್ಸ್ 2004ರಿಂದ ಇದೆ, ರೋಲ್20 2012ರಲ್ಲಿ ಬಂತು, ಫೌಂಡ್ರಿ 2020ರಲ್ಲಿ ಬಿಡುಗಡೆಯಾಯಿತು. ಇವುಗಳಲ್ಲಿ ರೋಲ್20ರ ಹುಟ್ಟಿನ ಕಥೆ ನಮ್ಮಂಥವರಿಗೆ ಹತ್ತಿರವಾದದ್ದು. ಕಾಲೇಜಿನಲ್ಲಿ ಒಂದೇ ರೂಮಿನಲ್ಲಿದ್ದ ಮೂವರು ಗೆಳೆಯರು ಬೇರೆ ಬೇರೆ ಊರು ಸೇರಿದ ಮೇಲೂ ಆಟ ಬಿಡಬಾರದು ಎಂದು ಅದನ್ನು ಕಟ್ಟಿದರು.

ನಕ್ಷೆ, ಪಾತ್ರಗಳ ಗುರುತು ಅಂದರೆ ಟೋಕನ್, ದಾಳ, ಪಾತ್ರದ ಅಂಕಿಅಂಶದ ಹಾಳೆ, ಇವೆಲ್ಲ ಪರದೆಯಲ್ಲೇ ಇರುತ್ತವೆ. ಮಂತ್ರ ಬಿದ್ದಾಗ ಟೋಕನ್ ಮೇಲೆ ಸಣ್ಣ ಚಿಹ್ನೆ ಹಚ್ಚಬಹುದು. ಕೆಲವು ತಂತ್ರಾಂಶಗಳಲ್ಲಿ ಆ ಚಿಹ್ನೆಯೇ ಅಂಕಿಗಳನ್ನೂ ಬದಲಿಸುತ್ತದೆ. ತೊಡಕು ಶುರುವಾಗುವುದೂ ಅಲ್ಲೇ.

ವಿರುದ್ಧ ಮಂತ್ರಗಳು ತಾವಾಗಿಯೇ ರದ್ದಾಗುತ್ತವೆಯೇ?

ಇಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. ಇದಕ್ಕೆ ಕಾರಣ ಆಟದ ಹಳೆಯ ಆವೃತ್ತಿ.

2000ದಲ್ಲಿ ಬಂದ ಮೂರನೇ ಆವೃತ್ತಿ ಮತ್ತು 2003ರ 3.5 ಆವೃತ್ತಿಯಲ್ಲಿ ಕೆಲವು ಜೋಡಿ ಮಂತ್ರಗಳ ವಿವರಣೆಯಲ್ಲೇ 'ಇದು ಅದನ್ನು ತಡೆಯುತ್ತದೆ, ಅಳಿಸುತ್ತದೆ' ಎಂಬ ಸಾಲು ಇತ್ತು. ಹೇಸ್ಟ್ ಬಿದ್ದರೆ ಸ್ಲೋ ಅಳಿಯುತ್ತಿತ್ತು. ಬ್ಲೆಸ್ ಬಿದ್ದರೆ ಬೇನ್ ಅಳಿಯುತ್ತಿತ್ತು. ಮನುಷ್ಯನನ್ನು ದೊಡ್ಡದು ಮಾಡುವ ಮಂತ್ರ ಚಿಕ್ಕದು ಮಾಡುವ ಮಂತ್ರವನ್ನು ಅಳಿಸುತ್ತಿತ್ತು. ಅಂದರೆ ಆಗ್ನೇಯಾಸ್ತ್ರ ಮತ್ತು ವಾರುಣಾಸ್ತ್ರದ ಲೆಕ್ಕವೇ.

2014ರಲ್ಲಿ ಬಂದ ಐದನೇ ಆವೃತ್ತಿ ಈ ಸಾಲುಗಳನ್ನು ಕೈಬಿಟ್ಟಿತು. 2024ರ ಪರಿಷ್ಕೃತ ಪುಸ್ತಕದಲ್ಲೂ ಅವು ಮರಳಿ ಬಂದಿಲ್ಲ. ಈಗಿನ ನಿಯಮದ ಪ್ರಕಾರ ಮಂತ್ರ ತಾನು ಏನು ಮಾಡುತ್ತೇನೆ ಎಂದು ಹೇಳಿದೆಯೋ ಅಷ್ಟನ್ನೇ ಮಾಡುತ್ತದೆ. 'ಇನ್ನೊಂದನ್ನು ಅಳಿಸುತ್ತೇನೆ' ಎಂದು ಹೇಳದಿದ್ದರೆ ಅಳಿಸುವುದಿಲ್ಲ. ಬೇರೆ ಬೇರೆ ಹೆಸರಿನ ಎರಡು ಮಂತ್ರಗಳು ಒಬ್ಬನ ಮೇಲೆ ಒಟ್ಟಿಗೆ ಇರುತ್ತವೆ, ಎರಡರ ಪರಿಣಾಮವನ್ನೂ ಲೆಕ್ಕ ಹಾಕಬೇಕು.

ಇದಕ್ಕೊಂದು ಅಪವಾದವಿದೆ. ಒಂದೇ ಹೆಸರಿನ ಮಂತ್ರ ಎರಡು ಬಾರಿ ಬಿದ್ದರೆ ಪರಿಣಾಮ ಕೂಡುವುದಿಲ್ಲ, ಹೆಚ್ಚು ಬಲದ್ದು ಮಾತ್ರ ನಡೆಯುತ್ತದೆ. ಇಬ್ಬರು ಅರ್ಚಕರು ಒಬ್ಬನಿಗೇ ಬ್ಲೆಸ್ ಹಾಕಿದರೆ ಎರಡು ದಾಳದ ಲಾಭ ಸಿಗದು.

ಹೇಸ್ಟ್ ಮತ್ತು ಸ್ಲೋ: ಸಾಲು ಸಾಲಾಗಿ ನೋಡಿ

ನಮ್ಮ ಯೋಧನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಎರಡೂ ಮೂರನೇ ಹಂತದ ಮಂತ್ರಗಳು. ಹೇಸ್ಟ್ ನಾಲ್ಕು ಲಾಭ ಕೊಡುತ್ತದೆ. ನಡೆಯುವ ವೇಗ ಎರಡು ಪಟ್ಟು, ರಕ್ಷಣೆ ಅಂದರೆ ಎಸಿ ಎರಡು ಅಂಕ ಹೆಚ್ಚು, ಚುರುಕಿನಿಂದ ತಪ್ಪಿಸಿಕೊಳ್ಳುವ ಡೆಕ್ಸ್ಟೆರಿಟಿ ಸೇವಿಂಗ್ ಥ್ರೋನಲ್ಲಿ ಅಡ್ವಾಂಟೇಜ್, ಪ್ರತಿ ಸರದಿಯಲ್ಲಿ ಒಂದು ಹೆಚ್ಚುವರಿ ಆ್ಯಕ್ಷನ್. ಸ್ಲೋ ಮಂತ್ರ ವೇಗವನ್ನು ಅರ್ಧ ಮಾಡುತ್ತದೆ, ಎಸಿ ಮತ್ತು ಡೆಕ್ಸ್ಟೆರಿಟಿ ಸೇವ್ ಎರಡರಲ್ಲೂ ಎರಡು ಅಂಕ ಕಳೆಯುತ್ತದೆ, ರಿಯಾಕ್ಷನ್ ಕಸಿದುಕೊಳ್ಳುತ್ತದೆ, ಆ್ಯಕ್ಷನ್ ಅಥವಾ ಬೋನಸ್ ಆ್ಯಕ್ಷನ್‌ನಲ್ಲಿ ಒಂದನ್ನು ಮಾತ್ರ ಬಿಡುತ್ತದೆ. ಒಂದು ಸರದಿಗೆ ಒಂದಕ್ಕಿಂತ ಹೆಚ್ಚು ಏಟು ಹೊಡೆಯಲೂ ಆಗದು.

ಈಗ ಒಂದೊಂದೇ ಸಾಲನ್ನು ಎದುರುಬದುರು ಇಡಿ.

* ವೇಗ: 30 ಅಡಿ ಎರಡು ಪಟ್ಟಾದರೆ 60, ಅರ್ಧವಾದರೆ ಮತ್ತೆ 30. ಸರಿಸಮ.
* ಎಸಿ: 16 ಇದ್ದರೆ ಎರಡು ಕೂಡಿ ಎರಡು ಕಳೆದರೆ 16. ಇದೂ ಸರಿಸಮ.
* ರಿಯಾಕ್ಷನ್: ಸ್ಲೋ ಕಸಿದುಕೊಂಡಿದೆ, ಹೇಸ್ಟ್ ವಾಪಸ್ ಕೊಡುವುದಿಲ್ಲ. ಹಾಗಾಗಿ ಇಲ್ಲ.
* ಏಟು: ಹೆಚ್ಚುವರಿ ಆ್ಯಕ್ಷನ್ ಇದ್ದರೂ ಸರದಿಗೆ ಒಂದೇ ಏಟು. ಹೆಚ್ಚುವರಿ ಆ್ಯಕ್ಷನ್‌ನಿಂದ ಓಡಬಹುದೇ, ಅಡಗಬಹುದೇ ಎಂಬುದನ್ನು ಡಿಎಂ ತೀರ್ಮಾನಿಸಬೇಕು.
* ಡೆಕ್ಸ್ಟೆರಿಟಿ ಸೇವ್: ಇಲ್ಲಿದೆ ಅಸಲಿ ವಿಷಯ. ಹೇಸ್ಟ್ ಕೊಡುವುದು ಅಡ್ವಾಂಟೇಜ್, ಅಂದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವ ಅವಕಾಶ. ಸ್ಲೋ ಕಳೆಯುವುದು ಎರಡು ಅಂಕ. ಇವೆರಡೂ ಬೇರೆ ಜಾತಿಯವು, ಒಂದನ್ನೊಂದು ರದ್ದು ಮಾಡುವುದಿಲ್ಲ. ಎರಡು ದಾಳ ಉರುಳಿಸಿ, ದೊಡ್ಡದನ್ನು ಆರಿಸಿ, ಅದರಿಂದ ಎರಡು ಕಳೆಯಬೇಕು.

ವ್ಯತ್ಯಾಸ ಎಷ್ಟು? ನಮ್ಮ ಯೋಧನಿಗೆ ಡೆಕ್ಸ್ಟೆರಿಟಿ ಸೇವ್‌ನಲ್ಲಿ ಎರಡು ಅಂಕದ ಲಾಭ ಇತ್ತು. ಬೆಂಕಿಯಿಂದ ಅರ್ಧವಾದರೂ ತಪ್ಪಿಸಿಕೊಳ್ಳಲು ಒಟ್ಟು 15 ಬೇಕಿತ್ತು. ಎರಡೂ ಮಂತ್ರ ರದ್ದು ಎಂದರೆ ಒಂದೇ ದಾಳದಲ್ಲಿ 13 ಅಥವಾ ಹೆಚ್ಚು ಬೀಳಬೇಕು, ಸಾಧ್ಯತೆ ಶೇ. 40. ನಿಯಮದ ಪ್ರಕಾರ ನೋಡಿದರೆ ಸ್ಲೋ ಅವನ ಎರಡು ಅಂಕವನ್ನು ತಿಂದುಹಾಕುತ್ತದೆ, ದಾಳದಲ್ಲಿ 15 ಅಥವಾ ಹೆಚ್ಚು ಬೀಳಬೇಕು. ಆದರೆ ಎರಡು ದಾಳಗಳಿವೆ. ಎರಡೂ ಸೋಲುವ ಸಾಧ್ಯತೆ ಶೇ. 49, ಗೆಲ್ಲುವ ಸಾಧ್ಯತೆ ಶೇ. 51. ಅಂದರೆ 'ಸರಿಹೋಯ್ತು' ಎಂದು ಅಳಿಸಿದ್ದರಿಂದ ಅವನ ಬದುಕುವ ಅವಕಾಶ ಶೇ. 11ರಷ್ಟು ಅಂಶ ಇಳಿಯಿತು. ಸಿಟ್ಟು ಬಂದದ್ದರಲ್ಲಿ ಅರ್ಥವಿತ್ತು.

ಹೀಗೆ ಅಳಿಸುವುದರಲ್ಲಿ ಇನ್ನೊಂದು ತೊಂದರೆಯೂ ಇದೆ. ಹೇಸ್ಟ್ ಮುಗಿದಾಗ ಆ ಪಾತ್ರ ಸುಸ್ತಾಗಿ, ತನ್ನ ಮುಂದಿನ ಸರದಿ ಮುಗಿಯುವವರೆಗೆ ಕದಲುವಂತಿಲ್ಲ, ಏನನ್ನೂ ಮಾಡುವಂತಿಲ್ಲ. ಡಿಎಂ ಹೇಸ್ಟ್ ತೆಗೆದರೆ ಈ ಸುಸ್ತು ಬರಬೇಕೇ ಬೇಡವೇ? ನಿಯಮದಲ್ಲಿ ಇಲ್ಲದ ರದ್ದತಿಗೆ ನಿಯಮದಲ್ಲಿ ಉತ್ತರವೂ ಇರುವುದಿಲ್ಲ.

ಅಡ್ವಾಂಟೇಜ್, ಡಿಸ್‌ಅಡ್ವಾಂಟೇಜ್: ಇಲ್ಲಿ ಮಾತ್ರ ನಿಜವಾದ ರದ್ದತಿ

ಒಂದಕ್ಕೊಂದು ಪೂರ್ತಿ ರದ್ದಾಗುವ ಜೋಡಿ ಐದನೇ ಆವೃತ್ತಿಯಲ್ಲಿ ಇದೊಂದೇ ಎನ್ನಬಹುದು. ಅಡ್ವಾಂಟೇಜ್ ಇದ್ದರೆ ಎರಡು ದಾಳದಲ್ಲಿ ದೊಡ್ಡದು, ಡಿಸ್‌ಅಡ್ವಾಂಟೇಜ್ ಇದ್ದರೆ ಎರಡರಲ್ಲಿ ಚಿಕ್ಕದು. ಎರಡೂ ಇದ್ದರೆ ಒಂದೇ ದಾಳ. ಎಷ್ಟು ಕಡೆಯಿಂದ ಬಂದಿವೆ ಎಂಬುದು ಲೆಕ್ಕಕ್ಕಿಲ್ಲ. ಮೂರು ಕಾರಣಕ್ಕೆ ಅಡ್ವಾಂಟೇಜ್ ಇದ್ದು, ಒಂದೇ ಕಾರಣಕ್ಕೆ ಡಿಸ್‌ಅಡ್ವಾಂಟೇಜ್ ಇದ್ದರೂ ಒಂದೇ ದಾಳ. ಮೂರರಲ್ಲಿ ಒಂದು ಕಳೆದು ಎರಡು ಉಳಿಯಿತು ಎಂದು ಎಣಿಸುವಂತಿಲ್ಲ.

ಇದರಿಂದ ವಿಚಿತ್ರ ಸನ್ನಿವೇಶಗಳೂ ಹುಟ್ಟುತ್ತವೆ. ದಟ್ಟ ಮಂಜಿನ ಫಾಗ್ ಕ್ಲೌಡ್ ಮಂತ್ರದೊಳಗೆ ಇಬ್ಬರು ಹೊಡೆದಾಡುತ್ತಿದ್ದಾರೆ ಎನ್ನಿ. ಹೊಡೆಯುವವನಿಗೆ ಎದುರಾಳಿ ಕಾಣುವುದಿಲ್ಲ, ಅದಕ್ಕೆ ಡಿಸ್‌ಅಡ್ವಾಂಟೇಜ್. ಎದುರಾಳಿಗೂ ಹೊಡೆಯುವವನು ಕಾಣುವುದಿಲ್ಲ, ಅದಕ್ಕೆ ಅಡ್ವಾಂಟೇಜ್. ಕೊನೆಗೆ ಹಾಡಹಗಲಲ್ಲಿ ಹೊಡೆದಂತೆಯೇ ಒಂದು ದಾಳ. ಕೇಳಲು ತಮಾಷೆ ಎನಿಸಿದರೂ ನಿಯಮ ಹಾಗೇ ಇದೆ.

ಆನ್‌ಲೈನ್‌ನಲ್ಲಿ ಇದನ್ನು ಗಮನಿಸಲೇಬೇಕು. ಹಲವು ತಂತ್ರಾಂಶಗಳಲ್ಲಿ ಅಡ್ವಾಂಟೇಜ್ ಬಟನ್ ಆಟಗಾರನ ಕೈಯಲ್ಲೇ ಇರುತ್ತದೆ. ಒಮ್ಮೆ ಒತ್ತಿಟ್ಟು ಮರೆತರೆ ಮುಂದಿನ ದಾಳಗಳೆಲ್ಲ ಎರಡೆರಡು ಬೀಳುತ್ತವೆ. ಶತ್ರುವಿನ ಮಂತ್ರದಿಂದ ಡಿಸ್‌ಅಡ್ವಾಂಟೇಜ್ ಬಂದಾಗ ಆ ಬಟನ್ ವಾಪಸ್ ತೆಗೆಯಬೇಕು ಎಂದು ನೆನಪಿಸುವವರು ಬೇಕು.

ಬ್ಲೆಸ್ ಮತ್ತು ಬೇನ್: ಸರಾಸರಿ ಸೊನ್ನೆ, ಫಲಿತಾಂಶ ಸೊನ್ನೆಯಲ್ಲ

ಬ್ಲೆಸ್ ಇದ್ದವನು ದಾಳಿ ಮತ್ತು ಸೇವಿಂಗ್ ಥ್ರೋಗೆ ನಾಲ್ಕು ಮುಖದ ದಾಳವೊಂದನ್ನು ಉರುಳಿಸಿ ಕೂಡುತ್ತಾನೆ. ಬೇನ್ ಬಿದ್ದವನು ಅದೇ ರೀತಿಯ ದಾಳ ಉರುಳಿಸಿ ಕಳೆಯುತ್ತಾನೆ. ಎರಡೂ ಬಿದ್ದರೆ ಹಲವರು 'ಎರಡನ್ನೂ ಬಿಡು' ಎನ್ನುತ್ತಾರೆ.

ಲೆಕ್ಕ ಹಾಕಿದರೆ ಹಾಗಲ್ಲ. ಎರಡು ದಾಳಗಳಿಗೆ ಒಟ್ಟು 16 ಜೋಡಿ ಫಲಿತಾಂಶಗಳಿವೆ. ಅದರಲ್ಲಿ ಸಮ ಬರುವುದು ನಾಲ್ಕು ಮಾತ್ರ. ಅಂದರೆ ನಾಲ್ಕರಲ್ಲಿ ಮೂರು ಬಾರಿ ಮೊತ್ತ ಬದಲಾಗುತ್ತದೆ, ಮೂರು ಹೆಚ್ಚಾಗಬಹುದು, ಮೂರು ಕಡಿಮೆಯೂ ಆಗಬಹುದು. ಒಂದು ಅಂಕದಲ್ಲಿ ಏಟು ತಪ್ಪುವ ಆಟದಲ್ಲಿ ಇದು ಸಣ್ಣ ಮಾತಲ್ಲ. ದಾಳ ಉರುಳಿಸುವುದು ಕಂಪ್ಯೂಟರ್ ಆದ್ದರಿಂದ ಎರಡನ್ನೂ ಸೂತ್ರದಲ್ಲಿ ಸೇರಿಸಿಬಿಡುವುದೇ ಸುಲಭ.

ಬೆಳಕು ಮತ್ತು ಕತ್ತಲು: ಹಂತ ನೋಡಿ ತೀರ್ಮಾನ

ಇಲ್ಲಿ ಮಂತ್ರಗಳೇ ತಮ್ಮ ಎದುರಾಳಿಯನ್ನು ಹೆಸರಿಸುತ್ತವೆ. ಡಾರ್ಕ್‌ನೆಸ್ ಎರಡನೇ ಹಂತದ ಮಂತ್ರ. ಎರಡನೇ ಅಥವಾ ಅದಕ್ಕಿಂತ ಕೆಳಗಿನ ಹಂತದ ಮಂತ್ರದಿಂದ ಹುಟ್ಟಿದ ಬೆಳಕು ಅದರ ಕತ್ತಲಿಗೆ ತಾಗಿದರೆ ಆ ಬೆಳಕಿನ ಮಂತ್ರವೇ ಅಳಿಯುತ್ತದೆ. ಡೇಲೈಟ್ ಮೂರನೇ ಹಂತದ್ದು. ಮೂರನೇ ಅಥವಾ ಕೆಳಗಿನ ಹಂತದ ಮಂತ್ರದ ಕತ್ತಲು ಅದರ ಬೆಳಕಿಗೆ ತಾಗಿದರೆ ಆ ಕತ್ತಲು ಅಳಿಯುತ್ತದೆ.

ಹಾಗಾದರೆ ಡೇಲೈಟ್ ಯಾವಾಗಲೂ ಗೆಲ್ಲುತ್ತದೆಯೇ? ಇಲ್ಲ. ಮಾಂತ್ರಿಕ ಹೆಚ್ಚು ಶಕ್ತಿ ಖರ್ಚು ಮಾಡಿ ಡಾರ್ಕ್‌ನೆಸ್ ಅನ್ನು ನಾಲ್ಕನೇ ಹಂತದಲ್ಲಿ ಹಾಕಿದರೆ ಅದು ನಾಲ್ಕನೇ ಹಂತದ ಮಂತ್ರವಾಗುತ್ತದೆ, ಡೇಲೈಟ್‌ಗೆ ಅಳಿಯುವುದಿಲ್ಲ. ಇನ್ನು ಸಾಮಾನ್ಯ ಪಂಜು ಮಂತ್ರವಲ್ಲದ ಕಾರಣ ಅಳಿಯುವುದೂ ಇಲ್ಲ, ಆ ಕತ್ತಲನ್ನು ಬೆಳಗಿಸುವುದೂ ಇಲ್ಲ.

ಪರದೆಯಲ್ಲಿ ಬೆಳಕಿನ ವ್ಯವಸ್ಥೆ ಅಂದವಾಗಿರುತ್ತದೆ. ಗೋಡೆಯ ಹಿಂದೆ ನೆರಳು ಬೀಳುತ್ತದೆ, ಪಂಜು ಹಿಡಿದವನ ಸುತ್ತ ಬೆಳಕಿನ ವೃತ್ತ ಚಲಿಸುತ್ತದೆ. ಫೌಂಡ್ರಿಯಲ್ಲಿ ಕತ್ತಲನ್ನು ಸೂಸುವ ಮೂಲವನ್ನೂ ಇಡಬಹುದು. ಆದರೆ ನಕ್ಷೆಯ ಮೇಲಿನ ವೃತ್ತಕ್ಕೆ ತಾನು ಎಷ್ಟನೇ ಹಂತದ ಮಂತ್ರ ಎಂಬುದು ಗೊತ್ತಿರುತ್ತದೆ ಎಂದು ನಂಬಬೇಡಿ. ಯಾವುದು ಅಳಿಯಬೇಕು ಎಂಬುದನ್ನು ಡಿಎಂ ನೋಡಿ, ಕೈಯಾರೆ ತೆಗೆಯುವುದೇ ಕ್ಷೇಮ. ಟೋಕನ್ ಸರಿಸುವ ಮುನ್ನ ಎರಡು ವೃತ್ತಗಳು ತಾಗುತ್ತವೆಯೇ ಎಂದು ಅಳೆದು ನೋಡಿ.

ರಕ್ಷಣೆ ಮತ್ತು ದೌರ್ಬಲ್ಯ: ಕ್ರಮ ತಪ್ಪಿದರೆ ಜೀವ ಹೋಗಬಹುದು

ಬೆಂಕಿಗೆ ದುರ್ಬಲವಾದ ಪಾತ್ರಕ್ಕೆ ಬೆಂಕಿಯ ಹಾನಿ ಎರಡು ಪಟ್ಟು. ಪ್ರೊಟೆಕ್ಷನ್ ಫ್ರಮ್ ಎನರ್ಜಿ ಮಂತ್ರದಿಂದ ಬೆಂಕಿಗೆ ರಕ್ಷಣೆ ಸಿಕ್ಕರೆ ಹಾನಿ ಅರ್ಧ. ಎರಡೂ ಇದ್ದರೆ? ನಿಯಮ ಸ್ಪಷ್ಟವಾಗಿದೆ. ಮೊದಲು ಕೂಡುವ ಕಳೆಯುವ ಲೆಕ್ಕ, ನಂತರ ಅರ್ಧ ಮಾಡುವುದು, ಕೊನೆಗೆ ಎರಡು ಪಟ್ಟು. ಅರ್ಧ ಮಾಡುವಾಗ ಬರುವ ಭಿನ್ನರಾಶಿ ಬಿಟ್ಟುಬಿಡಬೇಕು.

25 ಹಾನಿ ಬಿತ್ತು ಎನ್ನಿ. ಅರ್ಧ ಎಂದರೆ 12, ಎರಡು ಪಟ್ಟು 24. ಕ್ರಮ ತಿರುಗಿಸಿ ಮೊದಲು 50 ಮಾಡಿ ಆಮೇಲೆ ಅರ್ಧ ಮಾಡಿದರೆ 25. ಪಾತ್ರದ ಬಳಿ ಉಳಿದಿರುವುದು 25 ಹಿಟ್ ಪಾಯಿಂಟ್ ಆಗಿದ್ದರೆ, ಸರಿಯಾದ ಕ್ರಮದಲ್ಲಿ ಅದು ಒಂದು ಅಂಕ ಉಳಿಸಿಕೊಂಡು ನಿಂತಿರುತ್ತದೆ. ತಪ್ಪು ಕ್ರಮದಲ್ಲಿ ನೆಲಕ್ಕೆ ಬೀಳುತ್ತದೆ.

ಒಂದು ಮಂತ್ರ ಇನ್ನೊಂದರ ಅರ್ಧವನ್ನಷ್ಟೇ ತಡೆಯಬಹುದು

ಫ್ರೀಡಂ ಆಫ್ ಮೂವ್‌ಮೆಂಟ್ ಎಂಬ ನಾಲ್ಕನೇ ಹಂತದ ಮಂತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಇದ್ದವನ ವೇಗವನ್ನು ಬೇರೆ ಮಂತ್ರಗಳು ಇಳಿಸಲಾರವು, ಅವನನ್ನು ಕಟ್ಟಿಹಾಕಲಾರವು. ಹಾಗೆಂದು ಸ್ಲೋ ಅವನಿಗೆ ತಾಗುವುದೇ ಇಲ್ಲ ಎಂದಲ್ಲ. ಸ್ಲೋ ಮಂತ್ರದಲ್ಲಿ ವೇಗ ಅರ್ಧವಾಗುವ ಸಾಲು ಮಾತ್ರ ಕೆಲಸ ಮಾಡದು. ಎಸಿ ಇಳಿಯುವುದು, ರಿಯಾಕ್ಷನ್ ಹೋಗುವುದು, ಒಂದೇ ಏಟಿನ ಮಿತಿ, ಇವೆಲ್ಲ ಹಾಗೇ ಉಳಿಯುತ್ತವೆ. ತಂತ್ರಾಂಶದಲ್ಲಿ ಸ್ಲೋ ಚಿಹ್ನೆಯನ್ನೇ ಕಿತ್ತುಹಾಕಿದರೆ ಉಳಿದ ಸಾಲುಗಳೂ ಹೋಗುತ್ತವೆ. ಬೇಕಾದ ಸಾಲನ್ನಷ್ಟೇ ನಿಲ್ಲಿಸಬೇಕು.

ಮಂತ್ರವನ್ನೇ ಅಳಿಸುವುದು ಹೇಗೆ?

ಎದುರಾಳಿಯ ಮಂತ್ರವನ್ನು ಪೂರ್ತಿ ತೆಗೆಯಬೇಕೆಂದರೆ ಅದಕ್ಕೇ ಬೇರೆ ಸಾಧನಗಳಿವೆ.

ಡಿಸ್ಪೆಲ್ ಮ್ಯಾಜಿಕ್: ಮೂರನೇ ಹಂತದವರೆಗಿನ ಮಂತ್ರವನ್ನು ದಾಳವಿಲ್ಲದೆ ಅಳಿಸುತ್ತದೆ. ಅದಕ್ಕಿಂತ ಮೇಲಿನದಾದರೆ ಹತ್ತಕ್ಕೆ ಮಂತ್ರದ ಹಂತ ಕೂಡಿ, ಅಷ್ಟನ್ನು ದಾಳದಲ್ಲಿ ಮುಟ್ಟಬೇಕು. ಐದನೇ ಹಂತದ ಮಂತ್ರವಾದರೆ 15.

ಕೌಂಟರ್‌ಸ್ಪೆಲ್: ಮಂತ್ರ ಹಾಕುತ್ತಿರುವಾಗಲೇ ತಡೆಯುತ್ತದೆ. ಇದರ ನಿಯಮ 2014 ಮತ್ತು 2024ರ ಪುಸ್ತಕಗಳಲ್ಲಿ ಬೇರೆ ಬೇರೆ. ಹಳೆಯದರಲ್ಲಿ ಮೂರನೇ ಹಂತದವರೆಗಿನದ್ದು ತಾನಾಗಿ ತಡೆಯಲ್ಪಡುತ್ತಿತ್ತು. ಹೊಸದರಲ್ಲಿ ಮಂತ್ರ ಹಾಕುವವನಿಗೆ ಕಾನ್‌ಸ್ಟಿಟ್ಯೂಷನ್ ಸೇವ್ ಇದೆ, ಅದು ಸೋತು ಮಂತ್ರ ಕೆಟ್ಟರೂ ಅವನು ತೊಡಗಿಸಿದ ಸ್ಪೆಲ್ ಸ್ಲಾಟ್ ಖರ್ಚಾಗುವುದಿಲ್ಲ. ಆದ್ದರಿಂದ ನಿಮ್ಮ ಗುಂಪು ಯಾವ ವರ್ಷದ ಪುಸ್ತಕ ಆಡುತ್ತಿದೆ, ತಂತ್ರಾಂಶದಲ್ಲಿ ಯಾವುದು ಹಾಕಿದೆ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ಏಕಾಗ್ರತೆ ಮುರಿಯುವುದು: ಹೇಸ್ಟ್, ಸ್ಲೋ, ಬ್ಲೆಸ್, ಬೇನ್, ಡಾರ್ಕ್‌ನೆಸ್ ಎಲ್ಲವೂ ಕಾನ್ಸಂಟ್ರೇಷನ್ ಬೇಡುವ ಮಂತ್ರಗಳು. ಒಬ್ಬ ಮಾಂತ್ರಿಕ ಒಮ್ಮೆಗೆ ಇಂಥ ಒಂದನ್ನು ಮಾತ್ರ ಹಿಡಿದಿರಬಲ್ಲ. ಅವನಿಗೆ ಏಟು ಬಿದ್ದರೆ ಹತ್ತು ಅಥವಾ ಹಾನಿಯ ಅರ್ಧ, ಇವೆರಡರಲ್ಲಿ ದೊಡ್ಡ ಅಂಕಿಯನ್ನು ದಾಳದಲ್ಲಿ ಮುಟ್ಟಲೇಬೇಕು. ಇಲ್ಲದಿದ್ದರೆ ಮಂತ್ರ ಬಿಟ್ಟುಹೋಗುತ್ತದೆ. ಎದುರು ಮಂತ್ರ ಹುಡುಕುವುದಕ್ಕಿಂತ ಮಾಂತ್ರಿಕನಿಗೆ ಒಂದು ಬಾಣ ಬಿಡುವುದೇ ಎಷ್ಟೋ ಬಾರಿ ಲಾಭ.

ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಆದರೆ ಯಾವ ಕ್ರಮದಲ್ಲಿ?

ಫೌಂಡ್ರಿಯಲ್ಲಿ ಆ್ಯಕ್ಟಿವ್ ಎಫೆಕ್ಟ್ ಎಂಬ ಸೌಲಭ್ಯವಿದೆ. ಪಾತ್ರದ ಯಾವ ಅಂಕಿಯನ್ನು ಹೇಗೆ ಬದಲಿಸಬೇಕು ಎಂದು ಬರೆದಿಡಬಹುದು. ಕೂಡು, ಗುಣಿಸು, ಓವರ್‌ರೈಡ್ ಅಂದರೆ ಹಳೆಯದನ್ನು ತೆಗೆದು ಹೊಸ ಅಂಕಿ ಇಡು, ಹೀಗೆ ಬೇರೆ ಬೇರೆ ವಿಧಗಳಿವೆ. ಪ್ರತಿಯೊಂದಕ್ಕೂ ಪ್ರಯಾರಿಟಿ ಸಂಖ್ಯೆ ಇರುತ್ತದೆ, ಚಿಕ್ಕ ಸಂಖ್ಯೆಯದು ಮೊದಲು ನಡೆಯುತ್ತದೆ. ನೀವೇ ಬದಲಿಸದಿದ್ದರೆ ಸಾಮಾನ್ಯವಾಗಿ ಗುಣಾಕಾರ ಮೊದಲು, ಕೂಡುವುದು ಆಮೇಲೆ, ಓವರ್‌ರೈಡ್ ಕೊನೆಗೆ.

ಎರಡು ಸಣ್ಣ ಉದಾಹರಣೆ ನೋಡಿ. 30 ಅಡಿ ವೇಗದವನ ಮೇಲೆ ಹತ್ತು ಅಡಿ ಕೂಡುವ ಲಾಂಗ್‌ಸ್ಟ್ರೈಡರ್ ಮಂತ್ರವೂ ಹೇಸ್ಟ್ ಕೂಡ ಇದೆ. ಗುಣಿಸಿ ಕೂಡಿದರೆ 70, ಕೂಡಿ ಗುಣಿಸಿದರೆ 80. ಯಾವುದನ್ನು ಒಪ್ಪಬೇಕು ಎಂದು ಡಿಎಂ ಹೇಳಬೇಕು, ತಂತ್ರಾಂಶವಲ್ಲ.

ಎರಡನೆಯದು ಇನ್ನೂ ಮುಖ್ಯ. ಬಲೆಗೆ ಸಿಕ್ಕವನ ವೇಗ ಸೊನ್ನೆ, ಅದಕ್ಕೆ ಯಾವ ಲಾಭವೂ ಸೇರುವಂತಿಲ್ಲ. ಇದನ್ನು ಬರೆಯುವಾಗ ಯಾರೋ ಅವಸರದಲ್ಲಿ '30 ಕಳೆ' ಎಂದು ಬರೆದರು ಎನ್ನಿ. ಹೇಸ್ಟ್ ಇಲ್ಲದಾಗ ಉತ್ತರ ಸೊನ್ನೆ, ಯಾರಿಗೂ ಅನುಮಾನ ಬರದು. ಹೇಸ್ಟ್ ಬಿದ್ದ ಕೂಡಲೇ 30 ಎರಡು ಪಟ್ಟಾಗಿ 60, ಅದರಲ್ಲಿ 30 ಕಳೆದು 30. ಬಲೆಯಲ್ಲಿ ಬಿದ್ದವನು ಆರಾಮಾಗಿ ನಡೆದುಹೋಗುತ್ತಾನೆ. ಇಲ್ಲಿ ಬೇಕಿದ್ದದ್ದು ಕಳೆಯುವುದಲ್ಲ, ಓವರ್‌ರೈಡ್ ಮಾಡಿ ಸೊನ್ನೆ ಇಡುವುದು. ಕಂಪ್ಯೂಟರ್ ಮಾಡಿದ ಲೆಕ್ಕ ಸರಿಯೇ ಇತ್ತು, ನಾವು ಕೊಟ್ಟ ಲೆಕ್ಕ ತಪ್ಪಾಗಿತ್ತು.

ಒಂದೇ ಹೊತ್ತಿಗೆ ಎರಡು ಪರಿಣಾಮ ನಡೆಯಬೇಕಾದರೆ? ಉದಾಹರಣೆಗೆ ಸರದಿಯ ಶುರುವಿನಲ್ಲೇ ಒಂದು ಮಂತ್ರ ಜೀವ ತುಂಬುತ್ತದೆ, ಇನ್ನೊಂದು ಸುಡುತ್ತದೆ. 2017ರ 'ಝಾನಥಾರ್ಸ್ ಗೈಡ್ ಟು ಎವೆರಿಥಿಂಗ್' ಪುಸ್ತಕ ಇದಕ್ಕೆ ಒಂದು ದಾರಿ ಕೊಟ್ಟಿತು. ಯಾರ ಸರದಿ ನಡೆಯುತ್ತಿದೆಯೋ ಆ ಪಾತ್ರವನ್ನು ಆಡಿಸುವವರು ಕ್ರಮ ನಿರ್ಧರಿಸುತ್ತಾರೆ. ಬೆಂಕಿ ಮೊದಲೋ ಮದ್ದು ಮೊದಲೋ ಎಂದು ತಂತ್ರಾಂಶ ತಾನೇ ಆರಿಸಲು ಬಿಡಬೇಡಿ, ಆಟಗಾರನನ್ನು ಕೇಳಿ.

ಪಾತ್‌ಫೈಂಡರ್ ಆಟದಲ್ಲಿ ಲೆಕ್ಕ ಬೇರೆ

ಡಿ ಆ್ಯಂಡ್ ಡಿ ಬದಲು ಪಾತ್‌ಫೈಂಡರ್ ಆಡುವ ಗುಂಪುಗಳೂ ಇವೆ. 2019ರ ಎರಡನೇ ಆವೃತ್ತಿಯಲ್ಲಿ ಲಾಭ ನಷ್ಟಗಳಿಗೆ ಜಾತಿ ಇದೆ: ಸ್ಟೇಟಸ್, ಸರ್ಕಮ್‌ಸ್ಟನ್ಸ್, ಐಟಂ. ಒಂದೇ ಜಾತಿಯ ಲಾಭಗಳಲ್ಲಿ ದೊಡ್ಡದು ಮಾತ್ರ, ಒಂದೇ ಜಾತಿಯ ನಷ್ಟಗಳಲ್ಲಿ ಕೆಟ್ಟದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಒಂದು ಮತ್ತು ಎರಡು ಅಂಕದ ಎರಡು ಸ್ಟೇಟಸ್ ಲಾಭ, ಒಂದು ಅಂಕದ ಸ್ಟೇಟಸ್ ನಷ್ಟ ಇದ್ದರೆ ಎರಡರಲ್ಲಿ ಒಂದು ಕಳೆದು ಒಂದು ಉಳಿಯುತ್ತದೆ. ಮಂತ್ರ ಅಳಿಸಲು ಕೌಂಟರ್‌ಆ್ಯಕ್ಟ್ ಎಂಬ ಒಂದೇ ನಿಯಮವಿದೆ. ದಾಳ ಎಷ್ಟು ಚೆನ್ನಾಗಿ ಬಿತ್ತು ಎಂಬುದರ ಮೇಲೆ ನಿಮಗಿಂತ ಎಷ್ಟು ಮೇಲಿನ ಹಂತದ ಮಂತ್ರವನ್ನು ಅಳಿಸಬಹುದು ಎಂದು ತೀರ್ಮಾನವಾಗುತ್ತದೆ. ಸಾಧಾರಣ ಗೆಲುವಾದರೆ ಒಂದು ಹಂತ ಮೇಲಿನವರೆಗೆ, ಭರ್ಜರಿ ಗೆಲುವಾದರೆ ಮೂರು ಹಂತ ಮೇಲಿನವರೆಗೆ.

ಆಟ ನಡೆಸುವವರು ಇಷ್ಟು ನೆನಪಿಡಿ

1. ಎರಡೂ ಮಂತ್ರಗಳ ವಿವರಣೆ ತೆರೆದು ಓದಿ. 'ಅಳಿಸುತ್ತದೆ' ಎಂಬ ಸಾಲು ಇದೆಯೇ ನೋಡಿ. ಇದ್ದರೆ ಹಂತ ಹೋಲಿಸಿ.
2. ಇಲ್ಲದಿದ್ದರೆ ಎರಡೂ ಇರಲಿ. ಪರಿಣಾಮಗಳನ್ನು ಸಾಲು ಸಾಲಾಗಿ ಎದುರುಬದುರು ಇಡಿ.
3. ಅಡ್ವಾಂಟೇಜ್‌ಗೆ ಡಿಸ್‌ಅಡ್ವಾಂಟೇಜ್ ಮಾತ್ರ ರದ್ದು. ಅದಕ್ಕೆ ಅಂಕಗಳನ್ನು ಬೆರೆಸಬೇಡಿ.
4. ಹಾನಿಯಲ್ಲಿ ಮೊದಲು ಕೂಡು ಕಳೆ, ನಂತರ ಅರ್ಧ, ಕೊನೆಗೆ ಎರಡು ಪಟ್ಟು.
5. ಟೋಕನ್ ಮೇಲಿನ ಚಿಹ್ನೆ ತೆಗೆಯುವ ಮುನ್ನ ಏಕೆ ತೆಗೆಯುತ್ತಿದ್ದೀರಿ ಎಂದು ಜೋರಾಗಿ ಹೇಳಿ. ಮೇಜಿನ ಸುತ್ತ ಕೂತಿದ್ದರೆ ಮುಖ ನೋಡಿ ಅನುಮಾನ ಗೊತ್ತಾಗುತ್ತದೆ. ಪರದೆಯಲ್ಲಿ ಗೊತ್ತಾಗುವುದಿಲ್ಲ.
6. ಹೊಸ ಎಫೆಕ್ಟ್ ಬರೆದರೆ ಆಟಕ್ಕೆ ಮುಂಚೆ ಖಾಲಿ ಪಾತ್ರದ ಮೇಲೆ ಹಾಕಿ ನೋಡಿ.
7. ನಿಯಮದಲ್ಲಿ ಉತ್ತರ ಇಲ್ಲದಿದ್ದರೆ ಡಿಎಂ ತೀರ್ಪು ಕೊಡಲಿ, ಅದನ್ನು ಗುಂಪಿನ ಚಾಟ್‌ನಲ್ಲಿ ಬರೆದಿಡಲಿ. ಮುಂದಿನ ಬಾರಿ ಶತ್ರುವಿಗೂ ಅದೇ ತೀರ್ಪು ಅನ್ವಯವಾಗಲಿ.

ನಿಯಮ ಓದಲು ಪುಸ್ತಕ ಕೊಳ್ಳಲೇಬೇಕೆಂದಿಲ್ಲ. ಐದನೇ ಆವೃತ್ತಿಯ ಮೂಲ ನಿಯಮಗಳ ಸಂಗ್ರಹ ಎಸ್‌ಆರ್‌ಡಿ 5.1 ಅನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಲಾಗಿದೆ. ಹೇಸ್ಟ್, ಸ್ಲೋ, ಬ್ಲೆಸ್, ಬೇನ್, ಡಾರ್ಕ್‌ನೆಸ್, ಡೇಲೈಟ್ ಎಲ್ಲದರ ವಿವರಣೆ ಅದರಲ್ಲೇ ಉಚಿತವಾಗಿ ಸಿಗುತ್ತದೆ.

ಕೊನೆಗೆ ಯೋಧನ ಕಥೆ ಏನಾಯಿತು?

ಆ ವಾರ ನಮ್ಮ ಗುಂಪಿನ ಚಾಟ್‌ನಲ್ಲಿ ಒಂದು ಸಂದೇಶವೂ ಬರಲಿಲ್ಲ. ಮುಂದಿನ ಶನಿವಾರ ಹೈದರಾಬಾದ್‌ನವನು ಬರುತ್ತಾನೋ ಇಲ್ಲವೋ ಎಂಬ ಅನುಮಾನ ಎಲ್ಲರಿಗೂ ಇತ್ತು. ಶುಕ್ರವಾರ ರಾತ್ರಿ ಚೆನ್ನೈ ಗೆಳೆಯ ಎರಡೂ ಮಂತ್ರಗಳ ವಿವರಣೆಯ ಸ್ಕ್ರೀನ್‌ಶಾಟ್ ಹಾಕಿದ. ತಾನು ಅಣ್ಣನ ಜೊತೆ ಹಳೆಯ 3.5 ಆವೃತ್ತಿಯಲ್ಲಿ ಆಟ ಕಲಿತದ್ದು, ಅದರಲ್ಲಿ ಹೇಸ್ಟ್ ಮತ್ತು ಸ್ಲೋ ಒಂದನ್ನೊಂದು ಅಳಿಸುತ್ತಿದ್ದವು, ಈಗಿನ ಪುಸ್ತಕ ನೋಡದೆ ಹೇಳಿಬಿಟ್ಟೆ, 'ತಪ್ಪು ನಂದೇ' ಎಂದು ಬರೆದ.

ಶನಿವಾರ ಐವರೂ ಸೇರಿದೆವು. ಹಿಂದಿನ ವಾರದ ದಾಳದಲ್ಲಿ ಬಿದ್ದದ್ದು 8. ಬೀಳಬೇಕಿದ್ದ ಎರಡನೇ ದಾಳವನ್ನು ಈಗ ಉರುಳಿಸೋಣ, 15 ಅಥವಾ ಹೆಚ್ಚು ಬಂದರೆ ಯೋಧ ಬದುಕಿದ್ದಾನೆ ಎಂದು ಡಿಎಂ ಹೇಳಿದ. ಎಲ್ಲರೂ ಒಪ್ಪಿದೆವು. ಬಟನ್ ಒತ್ತಿದ್ದು ಹೈದರಾಬಾದ್‌ನವನೇ.

ಬಿದ್ದದ್ದು 11.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವನೇ ನಕ್ಕ. 'ಸರಿ ಬಿಡ್ರೋ, ಈಗ ಸತ್ತೆ' ಎಂದು ಹೇಳಿ ಹೊಸ ಪಾತ್ರದ ಹಾಳೆ ತೆರೆದ. ಈ ಬಾರಿ ಮಾಂತ್ರಿಕನನ್ನು ಆರಿಸಿದ್ದಾನೆ. ಮೊದಲು ಕಲಿತ ಮಂತ್ರ ಕೌಂಟರ್‌ಸ್ಪೆಲ್.